ಕತ್ತರಿಸಿ ತೆಗೆದ ಬಲಬದಿ

ಕಲ್ಯಾಣದಲ್ಲಿ ಹುಟ್ಟಿ ಬೆಳೆದವರಿಗೆ ಕ್ರಾಂತಿ ಎಂಬ ಮಾತು ಭಾಷಣಗಳಲ್ಲಿ ಕೇಳಿ ಕೇಳಿ ಕಿವಿ ತೂತು ಬಿದ್ದಿರುತ್ತದೆ. ನನಗೂ ಬಿದ್ದಿತ್ತು. ಆದರೂ ಮೊಬೈಲಿನಲ್ಲಿ ಸಿಕ್ಕ ಆ ಚಿತ್ರವನ್ನು ಹುಮನಾಬಾದಿನ ಝೆರಾಕ್ಸ್ ಅಂಗಡಿಯಲ್ಲಿ ಬಣ್ಣದಲ್ಲಿ ಮುದ್ರಿಸಿ ತಂದೆ. ನಾನು ಶಾಲೆಯ ಡ್ರಾಯಿಂಗ್ ಟೀಚರ್, ನನ್ನ ಕೋಣೆಯಲ್ಲಿ ನವಿಲು, ಹೂದಾನಿ ತೂಗುಹಾಕಿ ಸಾಕಾಗಿತ್ತು. ಇದು ಬಿಳಿಯರು ಆಳುತ್ತಿದ್ದ ಯಾವುದೋ ದೂರದ ದ್ವೀಪದ ಹಳೆಯ ಚಿತ್ರ. ಕಬ್ಬಿನ ಹೊಲಕ್ಕೆ ಬೆಂಕಿ ಬಿದ್ದಿದೆ, ಗುಲಾಮರು ಕಬ್ಬು ಕಡಿಯುವ ಕತ್ತಿಗಳನ್ನೇ ಎತ್ತಿಕೊಂಡು ಧಣಿಯ ಬಂಗಲೆಯತ್ತ ನುಗ್ಗುತ್ತಿದ್ದಾರೆ. ಎಲ್ಲರಿಗಿಂತ ಮುಂದೆ ಒಬ್ಬ ಹೆಂಗಸು, ಬೆನ್ನಿಗೆ ಕೂಸು ಕಟ್ಟಿಕೊಂಡವಳು.

ನಮ್ಮ ಶಾಲೆ ಇದ್ದದ್ದು ಹುಡಗಿ ಎಂಬ ಊರಿನಾಚೆ. ಆ ವರ್ಷ ಪಕ್ಕದ ಬಯಲಿನಲ್ಲಿ ಕಬ್ಬು ಕಡಿಯುವವರು ಗುಡಿಸಲು ಹಾಕಿದ್ದರು. ನೀರಿಗೆ ನಮ್ಮ ನಳಕ್ಕೇ ಬರುತ್ತಿದ್ದರು. ಅವರಲ್ಲಿ ಒಬ್ಬಳು ಮಂಠಾಳದ ಕಡೆಯವಳು, ದಿನ ತುಂಬಿದ ಬಸುರಿ. ಕೊಡ ತುಂಬುವಷ್ಟರಲ್ಲಿ ನನ್ನ ಕೋಣೆಯ ಬಾಗಿಲಿಗೆ ಬಂದು ಚಿತ್ರ ನೋಡುತ್ತ ನಿಲ್ಲುತ್ತಿದ್ದಳು. ಒಂದು ದಿನ ನಕ್ಕುಬಿಟ್ಟಳು.

"ಆಕಿ ಕೋಯ್ತಾ ಹಿಡದಿದ್ದು ಚೂಕ್ ಅದ ನೋಡ್ರಿ ಅಕ್ಕೋರ. ಹಂಗ ಮ್ಯಾಲ ಎತ್ತಿ ಹಿಡದ್ರ ಕಬ್ಬು ಹ್ಯಾಂಗ ಕಡೀತಾಳ?"

"ಆಕಿ ಕಬ್ಬು ಕಡಿಯಾಕತ್ತಿಲ್ಲವ್ವ. ಧಣ್ಯಾರ ಮ್ಯಾಲ ಎತ್ಯಾಳ" ಅಂದೆ.

ಅವಳ ನಗು ನಿಂತಿತು. ಹೊಸ್ತಿಲು ದಾಟಿ ಚಿತ್ರದ ಹತ್ತಿರ ಬಂದು ಕೇಳಿದಳು, "ಆಮ್ಯಾಲ ಏನಾತ್ರಿ?"

ಏನಾಯಿತೆಂದು ನನಗೆ ಗೊತ್ತಿತ್ತು. ಚಿತ್ರದ ಬಲಬದಿಯಲ್ಲಿ ಬಂದೂಕು ಹಿಡಿದ ಸಿಪಾಯಿಗಳ ಸಾಲಿತ್ತು. ಫ್ರೇಮು ಸಣ್ಣದಾಯಿತೆಂದು ನಾನೇ ಅದನ್ನು ಬ್ಲೇಡಿನಿಂದ ಕತ್ತರಿಸಿ ಬಿಸಾಡಿದ್ದೆ. ಆ ದಂಗೆ ಹೆಚ್ಚು ದಿನ ಬಾಳಲಿಲ್ಲ, ಎದ್ದವರನ್ನು ನೇಣಿಗೆ ಹಾಕಿದರು. ಆದರೆ ಅವಳ ಮುಖ ನೋಡಿದಾಗ ಬಾಯಿಗೆ ಬಂದದ್ದೇ ಬೇರೆ.

"ಗೆದ್ರು" ಅಂದೆ. "ಎಲ್ಲಾರೂ ತಂತಮ್ಮ ಮನೀಗಿ ಹೋದ್ರು."

ಎಂಥ ಧಾರಾಳಿ ನಾನು! ಮಗುವಿನ ಕೈಗೆ ಸಕ್ಕರೆ ಹಾಕಿದ ಹಾಗೆ ಒಂದು ಸುಳ್ಳು ಹಾಕಿ ಕಳಿಸಿದೆ. ಅವಳಿಗೂ ಹೋಗಬೇಕಿದ್ದದ್ದು ಮನೆಗೇ, ಹೆರಿಗೆಗೆಂದು ತವರಿಗೆ. ಆದರೆ ಅವರಲ್ಲಿ ಗಂಡಹೆಂಡತಿ ಸೇರಿ ಒಂದು ಕೋಯ್ತಾ, ಅಂದರೆ ಒಂದೇ ಕತ್ತಿಯ ಲೆಕ್ಕ, ಕೂಲಿಯೂ ಜೋಡಿಗೇ. ಹೆಂಡತಿ ಹೊರಟರೆ ಗಂಡನೂ ಕೆಲಸಕ್ಕೆ ಬಾರದವನು. ಸೀಜನ್ ಮುಗಿಯುವ ತನಕ ಬಿಡುವುದಿಲ್ಲವೆಂದು ಅವರನ್ನು ಕರೆತಂದ ಮುಕಾದಮ ಹೇಳಿದ್ದನಂತೆ.

ಎರಡು ದಿನ ಬಿಟ್ಟು, ಪ್ರಾರ್ಥನೆಯ ಹೊತ್ತಿಗೆ ಸರಿಯಾಗಿ, ಗೇಟಿನ ಮುಂದೆ ಗದ್ದಲವಾಯಿತು. ಹಳ್ಳಿಖೇಡದ ಕಡೆಯ ಹೊಲಕ್ಕೆ ಹೊರಟ ತಂಡವೆಲ್ಲ ಟ್ರ್ಯಾಕ್ಟರ್ ಹತ್ತಿತ್ತು. ಅವಳೊಬ್ಬಳು ನೆಲದ ಮೇಲೆ ಕೂತಿದ್ದಳು. "ನಾ ಬರಂಗಿಲ್ಲ. ನನಗ ಊರಿನ ಗಾಡಿ ಹತ್ತಸ್ರಿ" ಎಂದು ಒಂದೇ ಹಟ. ಗಂಡ ಟ್ರೇಲರಿನಲ್ಲಿ ತಲೆ ತಗ್ಗಿಸಿಕೊಂಡಿದ್ದ. ಮುಕಾದಮ ಬೈಯಲಿಲ್ಲ, ಹೊಡೆಯಲಿಲ್ಲ. ನಕ್ಕ.

"ಇಷ್ಟು ಅಕಲ್ ಯಾರು ಕಲಿಸ್ಯಾರ ನಿನಗ?"

ಅವಳು ನನ್ನತ್ತ ಕೈ ಮಾಡಿದಳು. "ಅಕ್ಕೋರ, ಹೇಳ್ರಿ ಇವರಿಗಿ. ಆ ಮಂದಿ ಗೆದ್ದಿದ್ದು ಹೇಳ್ರಿ."

ಅವನು ಕೈ ಮುಗಿದೇ ಕೇಳಿದ, "ನೀವು ಹೇಳೀರೇನ್ರಿ ಅಕ್ಕೋರ?" ನನ್ನ ಹಿಂದೆ ಮುಖ್ಯೋಪಾಧ್ಯಾಯರು ನಿಂತಿದ್ದರು. ಮಕ್ಕಳೆಲ್ಲ ಕತ್ತು ಚಾಚಿ ನೋಡುತ್ತಿದ್ದರು.

"ನಾ ಏನೂ ಹೇಳಿಲ್ರಿ. ಬರೇ ಚಿತ್ರ ನೋಡಾಕ ಬಂದಿದ್ಲು" ಅಂದೆ.

ಅವಳು ನನಗೆ ಬಾಯಿಗೆ ಬಂದಂತೆ ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬೈಯಲಿಲ್ಲ. ಎರಡೂ ಕೈ ನೆಲಕ್ಕೆ ಊರಿ ಎದ್ದಳು, ಟ್ರೇಲರಿನ ಚಕ್ರದ ಮೇಲೆ ಕಾಲಿಟ್ಟು ಒಬ್ಬಳೇ ಹತ್ತಿದಳು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಹೇಸಿಗೆಯಿಂದ ಯಾರಿಗೂ ಏನೂ ಆಗುವುದಿಲ್ಲ. ನಾನು ಹೋಗಿ ಪ್ರಾರ್ಥನೆಗೆ ನಿಂತೆ.

ವಾರ ಕಳೆದ ಮೇಲೆ ಅದೇ ತಂಡದ ಬೇರೊಬ್ಬಳು ನೀರಿಗೆ ಬಂದಳು. ತಡೆಯಲಾರದೆ ಹೋಗಿ ಕೇಳಿದೆ, "ಆಕಿದು ಹೆರಿಗಿ ಆತೇನವ್ವ?"

"ಆತ್ರಿ. ಕಬ್ಬಿನಾಗೇ ಆತು."

"ಕೂಸು?"

ಅವಳು ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡಳು. "ಉಳೀಲಿಲ್ರಿ."

ನಾಲ್ಕು ಹೆಜ್ಜೆ ಹೋದವಳು ತಿರುಗಿ ನನ್ನ ಮುಖ ನೋಡಿ, ನನಗೇ ಸಮಾಧಾನ ಹೇಳಿದಳು:

"ನೀವೇನೂ ಫಿಕರ್ ಮಾಡಬ್ಯಾಡ್ರಿ ಅಕ್ಕೋರ. ನಾಳಿಂದ ಮತ್ತ ಕಡಿಯಾಕ ಬರ್ತಾಳ."