ಟೆರೇಸಿನ ಬೀಗದ ಕೈ

ನನಗೆ ಬಾಯಿ ಜೋರು. ನನ್ನ ಶಾಲೆಯ ಮಕ್ಕಳೂ ಇದನ್ನು ಹೇಳುತ್ತಾರೆ, ಮೆಣಸೆಯಲ್ಲಿ ತೋಟ ಮಾಡಿಕೊಂಡಿರುವ ನನ್ನ ಅಣ್ಣನೂ ಹೇಳುತ್ತಾನೆ. ಆ ಬಾಯಿಯಿಂದಲೇ ಜಗಳ ಮಾಡಿ ನಾನು ಬಾಳಗಡಿಯ ಬಿಲ್ಡಿಂಗಿನ ಟೆರೇಸಿಗೆ ಬೀಗ ಹಾಕಿಸಿದೆ. ಆ ಬೀಗದಿಂದ ಒಂದು ಜೀವ ಹೋಯಿತು. ಹೋದ ಮೇಲೆ ನಾನು ಬಾಯಿ ಮುಚ್ಚಿಕೊಂಡು ಕೂತೆ. ಅದನ್ನೀಗ ಬರೆಯುತ್ತಿದ್ದೇನೆ.

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ಕೊಪ್ಪದ ಸುತ್ತ ಆಗ ಅಷ್ಟು ಎತ್ತರದ ವಾಸದ ಕಟ್ಟಡ ಇನ್ನೊಂದಿರಲಿಲ್ಲ. ಕೆಳಗೆ ಅಂಗಡಿಗಳು, ಮೇಲೆ ಮೂರು ಮಹಡಿ ಬಾಡಿಗೆ ಮನೆಗಳು. ದೊಡ್ಡ ಊರಿನವರು ನೋಡಿದರೆ ನಗುತ್ತಿದ್ದರೇನೋ, ನಮಗೆ ಮಾತ್ರ ಅದೇ ಆಕಾಶ. ಪರ್ಮಿಶನ್ ಇದ್ದದ್ದು ಎರಡು ಮಹಡಿಗೆ ಮಾತ್ರ ಎಂದು ಬಾಡಿಗೆಗೆ ಬಂದ ಎಲ್ಲರಿಗೂ ಗೊತ್ತಿತ್ತು. ಹತ್ತಿಳಿಯಲು ಇದ್ದದ್ದು ಒಂದೇ ಮೆಟ್ಟಿಲ ಸಾಲು. ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಿ ನಿಲ್ಲಬೇಕಿತ್ತು.

ಅಲ್ಲಿದ್ದವರೆಲ್ಲ ಹೆಚ್ಚುಕಡಿಮೆ ಹಳ್ಳಿಮನೆಗಳಿಂದ ಬಂದವರೇ. ಮನೆ ಬಿಟ್ಟು ಬಂದಿದ್ದೆವು, ಅಭ್ಯಾಸ ಬಿಟ್ಟು ಬಂದಿರಲಿಲ್ಲ. ಕರೆಂಟಿನಲ್ಲಿ ಕಾಯಿಸಿದ ನೀರು ಮಿಂದರೆ ಮಿಂದ ಹಾಗೇ ಆಗುವುದಿಲ್ಲ ಎಂದು ಎಲ್ಲರ ಬಚ್ಚಲಲ್ಲೂ ಒಲೆ ಇತ್ತು. ಒಲೆಗೆ ಅಡಿಕೆ ಸಿಪ್ಪೆ ಬೇಕು. ಊರಿಂದ ಗೋಣಿಚೀಲಗಟ್ಟಲೆ ತರಿಸಿ ಮೆಟ್ಟಿಲ ಬುಡದಲ್ಲಿ ಪೇರಿಸುತ್ತಿದ್ದೆವು. ಚೀಲಗಳ ನೆತ್ತಿಯ ಮೇಲೇ ಇಡೀ ಬಿಲ್ಡಿಂಗಿನ ಮೀಟರ್ ಬೋರ್ಡು. ಮಳೆಗಾಲದಲ್ಲಿ ಅದು ಚಟಚಟ ಎನ್ನುವುದು ಕೇಳುತ್ತಿತ್ತು. "ಎಂತ ಆಗ್ತದೆ ಮಾರಾಯ್ರೆ, ಇಷ್ಟು ವರ್ಷ ಆಗ್ಲಿಲ್ವಲ್ಲ" ಎಂದು ಎಲ್ಲರೂ ಹೇಳುತ್ತಿದ್ದೆವು. ಎಲ್ಲರೂ ಅಂದರೆ ನಾನೂ ಸೇರಿ. ಚೀಲಗಳಲ್ಲಿ ಎರಡು ನನ್ನವು.

ಟೆರೇಸು ನಮಗೆ ಅಂಗಳ. ಹಪ್ಪಳ, ಅಡಿಕೆ, ಕಾಳುಮೆಣಸು ಎಲ್ಲ ಅಲ್ಲೇ ಒಣಗಬೇಕು. ಹಳ್ಳಿಯಲ್ಲಾದರೆ ಅಂಗಳ ಕಾಯಲು ಯಾರಾದರೂ ಒಬ್ಬರು ಜಗಲಿಯಲ್ಲಿ ಕೂತಿರುತ್ತಾರೆ. ಇಲ್ಲಿ ಕೂರುವವರು ಯಾರು? ಒಂದು ವರ್ಷ ಅಣ್ಣ ಕೊಟ್ಟ ಕಾಳುಮೆಣಸನ್ನು ಹರವಿ ಶಾಲೆಗೆ ಹೋಗಿ ಬರುವಷ್ಟರಲ್ಲಿ ಅರ್ಧ ಮಾಯ. ನಾನು ಬಿಡುತ್ತೇನೆಯೇ! ಮೂರು ಮಹಡಿಗೂ ಕೇಳುವ ಹಾಗೆ ಕೂಗಾಡಿದೆ, ಓನರನ್ನು ಅಂಗಡಿಯಿಂದ ಎಬ್ಬಿಸಿಕೊಂಡು ಬಂದೆ. ಅದೇ ವಾರ ಬಾಗಿಲಿಗೆ ದಪ್ಪ ಬೀಗ ಬಿತ್ತು. "ಬೀಗದ ಕೈ ಟೀಚ್ರ ಹತ್ರವೇ ಇರ್ಲಿ. ಅವ್ರ ಹತ್ರ ಇದ್ರೆ ಯಮ ಬಂದ್ರೂ ಕೊಡೂದಿಲ್ಲ" ಎಂದು ಓನರು ನಕ್ಕರು. ನನಗೆ ಆಗ ಹೆಮ್ಮೆಯಾಯಿತು. ನೆನೆದರೆ ಈಗ ಮೈಯೆಲ್ಲ ಉರಿಯುತ್ತದೆ.

ನಾನಿದ್ದದ್ದು ಎರಡನೇ ಮಹಡಿ, ಒಬ್ಬಳೇ. ನನ್ನ ಮೇಲಿನ ಮನೆಯಲ್ಲಿ ಸಾಬರ ಅಮ್ಮ ಒಬ್ಬರು ಮತ್ತು ಅವರ ಮಗ. ಮಗನಿಗೆ ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಅಂಗಡಿ. ಅಮ್ಮನಿಗೆ ಮಂಡಿನೋವು. ಬೆಳಿಗ್ಗೆ ಎಳೆಬಿಸಿಲಿಗೆ ಕಾಲು ಚಾಚಿ ಕೂತರೆ ಅವರಿಗೆ ಹಾಯೆನಿಸುತ್ತಿತ್ತು. ಅದಕ್ಕಾಗಿ ದಿನವೂ ಹದಿನೆಂಟು ಮೆಟ್ಟಿಲು ಇಳಿದು ನನ್ನ ಬಾಗಿಲಿಗೆ ಬಂದು, ಬೀಗದ ಕೈ ಇಸಿದುಕೊಂಡು ಮತ್ತೆ ಹತ್ತಬೇಕಿತ್ತು. ಟೆರೇಸಿನ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟೇ ಒಳಗೆ ಕಾಲಿಡುತ್ತಿದ್ದರು. "ಕಾಲು ಸುಡೂದಿಲ್ವಾ ನಿಮ್ಗೆ?" ಎಂದು ನಾನೊಮ್ಮೆ ಕೇಳಿದ್ದೆ. "ತಿನ್ನೋ ಪದಾರ್ಥ ಒಣಗ್ತದೆ ಟೀಚ್ರೇ, ಮೆಟ್ಕೊಂಡು ಹ್ಯಾಗೆ ಬರೂದು?" ಎಂದಿದ್ದರು.

ಒಂದು ದಿನ ಅವರೇ ಮೆಲ್ಲಗೆ ಕೇಳಿದರು. "ಇನ್ನೊಂದು ಬೀಗದ ಕೈ ಮಾಡಿಸಿ ನಮ್ಮನೇಲಿ ಇಟ್ಕೊಳ್ಲಾ? ನನ್ಗೆ ಇಳಿದು ಹತ್ತೂದು ತಪ್ತದೆ."

"ಎರಡೆರಡು ಕೈ ಆದ್ರೆ ನಾಳೆ ಏನಾದ್ರೂ ಕಳೆದಾಗ ಯಾರನ್ನ ಕೇಳೂದು? ಜವಾಬ್ದಾರಿ ಒಬ್ರದ್ದೇ ಇರ್ಬೇಕು" ಎಂದೆ. ಕ್ಲಾಸಿನಲ್ಲಿ ಹೇಳುವ ಹಾಗೇ ಹೇಳಿದೆ. ಅವರು "ಹೌದು ಹೌದು" ಎಂದು ಗೋಡೆ ಹಿಡಿದು ಹತ್ತಿ ಹೋದರು.

ಆ ವರ್ಷ ಚುನಾವಣೆ ಕೆಲಸದ ತರಬೇತಿ ನರಸಿಂಹರಾಜಪುರದಲ್ಲಿತ್ತು. ಬೆಳಗಿನ ಬಸ್ಸು ತಪ್ಪುತ್ತದೆಂದು ಗಡಿಬಿಡಿಯಲ್ಲಿ ಹೊರಟೆ. ಬೀಗದ ಕೈ ನನ್ನ ಪರ್ಸಿನಲ್ಲಿತ್ತು. ಎದುರು ಮನೆಗೆ ಕೊಟ್ಟು ಹೋಗಬಹುದಿತ್ತು. ಹಿಂದಿನ ದಿನವಷ್ಟೇ ಹೊಸ ಕಾಳುಮೆಣಸು ಹರವಿದ್ದೆ, ಹಾಗಾಗಿ ಕೊಡಲಿಲ್ಲ.

ಮಧ್ಯಾಹ್ನ ಟೀ ಕುಡಿಯುವಾಗ ಜೊತೆಯ ಮೇಷ್ಟ್ರೊಬ್ಬರು ಬಂದು, "ನಿಮ್ಮ ಬಿಲ್ಡಿಂಗಿಗೆ ಬೆಂಕಿ ಬಿದ್ದಿದೆಯಂತೆ, ಫೋನ್ ಬಂತು" ಎಂದರು. ಬಸ್ಸಿನಲ್ಲಿ ಕೂತು ಬರುವಾಗ ನಾನು ಯೋಚಿಸಿದ್ದು ನನ್ನ ಬೀರು, ನನ್ನ ಸರ್ಟಿಫಿಕೇಟುಗಳು, ನನ್ನ ಮೆಣಸು. ಮೇಲಿನ ಮನೆಯ ಅಮ್ಮ ಒಂದು ಸಲವೂ ನೆನಪಿಗೆ ಬರಲಿಲ್ಲ.

ಬಂದು ನೋಡಿದರೆ ಬಿಲ್ಡಿಂಗು ಹೊರಗಿನಿಂದ ಹಾಗೇ ನಿಂತಿತ್ತು. ಸುಟ್ಟದ್ದು ಮೆಟ್ಟಿಲು ಮಾತ್ರ. ಬೋರ್ಡಿನ ಕಿಡಿ ಸಿಪ್ಪೆಚೀಲಕ್ಕೆ ಬಿದ್ದು, ಹೊಗೆ ಮೆಟ್ಟಿಲ ಉದ್ದಕ್ಕೂ ಏರಿತ್ತು. ಮೇಲಿನ ಬಾಗಿಲು ಮುಚ್ಚಿದ್ದರಿಂದ ಹೊರಹೋಗಲು ದಾರಿಯಿಲ್ಲದೆ ಅಲ್ಲೇ ಕಟ್ಟಿಕೊಂಡಿತ್ತು. ಒಂದನೇ ಮಹಡಿಯವರು ಬಾಲ್ಕನಿಯಿಂದ ಏಣಿಯಲ್ಲಿ ಇಳಿದಿದ್ದರು. ನನ್ನ ಎದುರು ಮನೆಯ ತಾಯಿ ಮಗುವನ್ನು ಅಡಿಕೆ ಮರ ಹತ್ತುವವನೊಬ್ಬ ಪೈಪು ಹಿಡಿದು ಹತ್ತಿ ಹಗ್ಗದಲ್ಲಿ ಇಳಿಸಿದ್ದ. ಮೂರನೇ ಮಹಡಿಯಲ್ಲಿ ಆ ಹೊತ್ತಿಗೆ ಇದ್ದದ್ದು ಅಮ್ಮ ಒಬ್ಬರೇ. ಬೆಂಕಿ ನಂದಿಸುವವರು ಮೆಟ್ಟಿಲೇರಿದಾಗ ಅವರು ಎರಡನೇ ಮಹಡಿಯಲ್ಲಿ ಸಿಕ್ಕರು, ನನ್ನ ಮನೆಯ ಬಾಗಿಲಿಗೆ ತಲೆಯಾನಿಸಿ, ಬರಿಗಾಲಲ್ಲಿ. ಮೈಮೇಲೆ ಒಂದು ಸುಟ್ಟ ಗಾಯವೂ ಇರಲಿಲ್ಲವಂತೆ. ಅವರನ್ನು ಇಳಿಸಿದ ಮೇಲೆ ಆ ರಾತ್ರಿ ಯಾರನ್ನೂ ಮೇಲಕ್ಕೆ ಬಿಡಲಿಲ್ಲ.

"ಪಾಪ, ಹೆದರಿ ಕೆಳಗೆ ಓಡಿ ಬಂದಿದ್ದಾರೆ, ಹೊಗೆಯಲ್ಲಿ ಉಸಿರು ಕಟ್ಟಿದೆ" ಎಂದರು ಜನ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ನಾನು ಮೇಲೆ ಹತ್ತಿದೆ. ಟೆರೇಸಿನ ಬಾಗಿಲ ಬುಡದಲ್ಲಿ, ಕೊನೆಯ ಮೆಟ್ಟಿಲ ಮೇಲೆ ಅವರ ಹವಾಯಿ ಚಪ್ಪಲಿ ಇತ್ತು. ಎರಡೂ, ಜೋಡಿಸಿಟ್ಟ ಹಾಗೆ. ಅಂಥ ಹೊಗೆಯಲ್ಲೂ ಅಭ್ಯಾಸಬಲದಿಂದ ಚಪ್ಪಲಿ ಬಿಟ್ಟು, ಬಾಗಿಲು ತಳ್ಳಿ, ಬೀಗ ನೋಡಿ, ಅವರು ನನ್ನ ಬಾಗಿಲಿಗೆ ಬಂದಿದ್ದರು. ಬೀಗದ ಕೈ ಕೇಳಲು ಬಂದಿದ್ದರು. ಅಯ್ಯೋ ದೇವರೇ ಎಂದು ಅಲ್ಲೇ ಕೂತು ಅತ್ತೆ.

ಅತ್ತದ್ದು ನಿಜ. ಎದ್ದ ಮೇಲೆ ಮಾಡಿದ್ದೂ ನಿಜ. ಪರ್ಸಿನಿಂದ ಬೀಗದ ಕೈ ತೆಗೆದು ಬೀಗ ಬಿಚ್ಚಿ ಬಾಗಿಲನ್ನು ಹಾರುಹೊಡೆದಿಟ್ಟೆ. ಚಪ್ಪಲಿ ತಂದು ಅವರ ಮನೆಯ ಬಾಗಿಲ ಪಕ್ಕದಲ್ಲಿಟ್ಟೆ. ಹಿಂದೆ ತಿರುಗಿದರೆ ಓನರು ನಿಂತಿದ್ದರು.

"ಒಳ್ಳೇದಾಯ್ತು ಟೀಚ್ರೇ" ಎಂದರು ಮೆಲ್ಲಗೆ. "ಬಾಗ್ಲು ನಿನ್ನೆ ತೆರೆದೇ ಇತ್ತು ಅಂತ ಎಲ್ರೂ ಒಂದೇ ಬಾಯಲ್ಲಿ ಹೇಳುವ. ಹೋದವ್ರು ಹೋದ್ರು. ಇದ್ದವ್ರದ್ದು ನೋಡ್ಬೇಕಲ್ದಾ?"

ಹತ್ತು ಗಂಟೆಗೆ ವಿಚಾರಣೆಯವರು ಬಂದರು. ನನ್ನ ಅಕ್ಷರ ಚೆಂದವೆಂದು ಮಹಜರನ್ನು ನನ್ನ ಕೈಯಲ್ಲೇ ಬರೆಸಿದರು. ಟೆರೇಸಿನ ಬಾಗಿಲು ತೆರೆದಿತ್ತೆಂದೂ, ಮೃತರು ಮೇಲೆ ಹೋಗುವ ಬದಲು ಗಾಬರಿಯಿಂದ ಕೆಳಕ್ಕೆ ಇಳಿದರೆಂದೂ ನಾನೇ ಬರೆದೆ. ಕೆಳಗೆ ಸಾಕ್ಷಿ ಎಂದು ರುಜು ಹಾಕಿದೆ. ಬಿಲ್ಡಿಂಗಿನ ಒಂದು ನರಪಿಳ್ಳೆಯೂ ತುಟಿ ಬಿಚ್ಚಲಿಲ್ಲ. ಎಲ್ಲರ ಚೀಲವೂ ಆ ಮೆಟ್ಟಿಲ ಬುಡದಲ್ಲಿ ಇತ್ತಲ್ಲ!

ಕಾರಣ ಶಾರ್ಟ್ ಸರ್ಕ್ಯೂಟ್ ಎಂದಾಯಿತು. ಶಾರ್ಟ್ ಸರ್ಕ್ಯೂಟ್ ಎಂದರೆ ಯಾರದ್ದೂ ತಪ್ಪಲ್ಲ ಎಂದರ್ಥ. ಎರಡಕ್ಕೆ ಪರ್ಮಿಶನ್ ತೆಗೆದು ಮೂರು ಕಟ್ಟಿದ್ದನ್ನು ಯಾರೂ ಕೇಳಲಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಓನರು ಮಹಡಿಗೊಂದರಂತೆ ಮರಳು ತುಂಬಿದ ಕೆಂಪು ಬಕೆಟ್ ತೂಗುಹಾಕಿಸಿದರು. ಮರಳು ಹೂಕುಂಡಗಳಿಗೆ ಹೋಯಿತು, ಬಕೆಟ್ಟು ಬಚ್ಚಲು ಸೇರಿತು. ಮಳೆಗಾಲ ಹಿಡಿಯುವುದರೊಳಗೆ ಸಿಪ್ಪೆಚೀಲಗಳೂ ವಾಪಸು ಬಂದವು. ನಾನು ಮನೆ ಬದಲಾಯಿಸಿದೆ.

ಮಗ ಮಾತ್ರ ಒಂದೇ ಮಾತು ಹಿಡಿದುಕೊಂಡಿದ್ದ. ಅಂಗಡಿಯೆದುರು ಯಾರು ನಿಂತರೂ ಹೇಳುತ್ತಿದ್ದ. "ಎಷ್ಟು ಸಲ ಹೇಳಿದ್ದೆ, ಏನಾದ್ರೂ ಆದ್ರೆ ಕೆಳಗೆ ಇಳೀಬೇಡ, ಟೆರೇಸಿಗೆ ಹೋಗು ಅಂತ. ಅವತ್ತು ಬಾಗ್ಲು ತೆರೆದೇ ಇತ್ತಂತೆ, ನನ್ನ ಮಾತು ಕೇಳ್ಲೇ ಇಲ್ಲ ನೋಡಿ. ಯಾಕೆ ಇಳಿದ್ರು?" ಕೇಳಿದವರು ಲೊಚಗುಟ್ಟಿ ಮುಂದೆ ಹೋಗುತ್ತಿದ್ದರು. ಅವನ ಅಂಗಡಿ ಕಂಡರೆ ನಾನು ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಿದ್ದೆ. ಮುಂದೆ ಅವನು ಅಂಗಡಿಯನ್ನು ಬಾಳೆಹೊನ್ನೂರಿಗೆ ಸಾಗಿಸಿದ. ಪೀಡೆ ಕಳೆಯಿತು ಅಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ.

ಕಳೆಯಲಿಲ್ಲ. ಮಕ್ಕಳಿಗೆ "ತಪ್ಪು ಮಾಡಿದವರು ಎದ್ದು ನಿಲ್ಲಿ" ಎನ್ನುವಾಗಲೆಲ್ಲ ನಾಲಿಗೆ ತಡವರಿಸುತ್ತಿತ್ತು. ಸತ್ತವರ ಮೇಲೆ, ಅದೂ ನನ್ನನ್ನು ಒಂದು ದಿನವೂ ನೋಯಿಸದವರ ಮೇಲೆ, ತಪ್ಪು ಹೊರಿಸಿ ಸಂಬಳ ಎಣಿಸುತ್ತಿದ್ದೆನಲ್ಲ. ನಾಲ್ಕು ವರ್ಷ ಆದ ಮೇಲೆ ಒಂದು ಶನಿವಾರ, ಅರ್ಧ ದಿನದ ಶಾಲೆ ಮುಗಿಸಿ ಬಾಳೆಹೊನ್ನೂರಿನ ಬಸ್ಸು ಹತ್ತಿದೆ.

ಅವನು ಗುರುತು ಹಿಡಿದು, "ಬನ್ನಿ ಟೀಚ್ರೇ, ಕೂತ್ಕೊಳ್ಳಿ" ಎಂದು ಸ್ಟೂಲು ಎಳೆದ. ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ: ಬೀಗ, ನನ್ನ ಪರ್ಸು, ಕೊನೆಯ ಮೆಟ್ಟಿಲ ಮೇಲಿದ್ದ ಚಪ್ಪಲಿ, ಬೆಳಿಗ್ಗೆ ನಾನು ಬಿಚ್ಚಿದ ಬಾಗಿಲು, ನನ್ನ ಅಕ್ಷರದ ಮಹಜರು. ಬೈಯಲಿ, ಹೊಡೆಯಲಿ, ಪೊಲೀಸರಿಗೆ ಕೊಡಲಿ, ಎಲ್ಲಕ್ಕೂ ಸಿದ್ಧಳಾಗಿ ಹೋಗಿದ್ದೆ.

ಅವನು ಕೈಯಲ್ಲಿದ್ದ ಚಪ್ಪಲಿಯನ್ನು ಕೆಳಗಿಟ್ಟ. ಆಮೇಲೆ ಕೇಳಿದ. "ಅಂದ್ರೆ, ಅಮ್ಮ ಮೊದ್ಲು ಮೇಲೇ ಹೋಗಿದ್ರಾ?"

"ಹೌದಪ್ಪಾ. ಮೇಲೇ ಹೋಗಿದ್ರು."

"ನನ್ನ ಮಾತು ಕೇಳಿದ್ರು" ಎಂದ. "ನಾಲ್ಕು ವರ್ಷ ಅವ್ರ ಮೇಲೆ ಸಿಟ್ಟು ಮಾಡ್ಕೊಂಡಿದ್ದೆ ನಾನು. ಗೋರಿ ಹತ್ರ ನಿಂತೂ ಬೈದಿದ್ದೇನೆ ಟೀಚ್ರೇ."

ಕ್ಷಮಿಸು ಎನ್ನಲು ಬಾಯಿ ತೆರೆದೆ. ಅವನು ಕೈ ಅಡ್ಡ ಹಿಡಿದ. "ನಿಮ್ಮದು ಆಮೇಲೆ. ನನ್ಗೆ ಈಗ ಅಮ್ಮನ ಹತ್ರ ಹೋಗ್ಬೇಕು." ಸಂತೆಯ ಹೊತ್ತು, ಗಿರಾಕಿಗಳು ನಿಂತಿದ್ದಾರೆ, ಅವನು ಶಟರ್ ಎಳೆದು ಬೀದಿಗೆ ಇಳಿದ.

ಕೊಪ್ಪಕ್ಕೆ ಆಗ ಇದ್ದದ್ದು ಒಂದೇ ಬಸ್ಸು. ಅವನು ಮುಂದಿನ ಸೀಟಿನಲ್ಲಿ ಕೂತ, ನಾನು ಹಿಂದೆ. ದಾರಿಯುದ್ದಕ್ಕೂ ಒಂದು ಸಲವೂ ತಿರುಗಿ ನೋಡಲಿಲ್ಲ. ಖಬರಸ್ತಾನದ ತಿರುವಿನಲ್ಲಿ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಳಿದು ಓಡಿದ. ನಾನೂ ಇಳಿಯಬೇಕೆಂದು ಎದ್ದು ನಿಂತೆ. ಆದರೆ ಆ ಅಮ್ಮನ ಗೋರಿಯೆದುರು ಹೋಗಿ ನಿಲ್ಲುವ ಮುಖ ನನಗಿರಲಿಲ್ಲ. "ಇಳೀತೀರಾ ಟೀಚ್ರೇ?" ಎಂದು ಕಂಡಕ್ಟರ್ ಕೇಳಿದ. ಇಲ್ಲ ಎಂದು ಮತ್ತೆ ಕೂತೆ.