ಬದನಿಕೆ ಕೊಯ್ದ ಮಾಸ್ತರರು

ಮೊನ್ನೆ ಬೀದಿಯ ಬೇವಿನ ಮರ ಸವರಲು ಬಂದವರು ಒಂದು ಕೊಂಬೆಯನ್ನು ನಮ್ಮ ಕಟ್ಟೆಯ ಮೇಲೆ ಬಿಸಾಕಿ ಹೋದರು. ಅದಕ್ಕೆ ಬದನಿಕೆ ಹತ್ತಿತ್ತು, ಇನ್ನೊಂದು ಮರದ ರಸ ಕುಡಿದು ಬದುಕುವ ಗಿಡ. ಎಲೆ ಮುರಿದೆ. ಆ ಹಸಿ ಕಹಿ ವಾಸನೆ... ಲಿಂಗಸುಗೂರಿನ ನಮ್ಮ ಪಕ್ಕದ ಮನೆಯ ಮಾಸ್ತರರು ಕಣ್ಣಮುಂದೆ ಬಂದು ನಿಂತರು.

ನಾನಾಗ ಹೊಸ ಸೊಸೆ. ನಿಜಾಮರ ಕಾಲ ಮುಗಿದು ಶಾಲೆಗಳು ಉರ್ದುವಿನಿಂದ ಕನ್ನಡಕ್ಕೆ ಹೊರಳುತ್ತಿದ್ದವು. ಉರ್ದುವಿನಲ್ಲೇ ಓದಿದ್ದ ಮಾಸ್ತರರಿಗೆ ಕನ್ನಡದಲ್ಲಿ ಇತಿಹಾಸ ಹೇಳುವುದೆಂದರೆ ಜೀವ ಬಾಯಿಗೆ ಬರುತ್ತಿತ್ತು. ಅದಕ್ಕೇ ನಾಳಿನ ಪಾಠವನ್ನು ಇವತ್ತೇ ಪಡಸಾಲೆಯಲ್ಲಿ ಕೂತು ಹೆಂಡತಿಗೆ ಒಪ್ಪಿಸುತ್ತಿದ್ದರು. ಆಕೆ ಮುಕ್ಕುಂದ ಊರಿನ ಗಟ್ಟಿಗಿತ್ತಿ, ಜೋಳ ಹಸನು ಮಾಡುತ್ತಲೇ ಮಾತು ತಿದ್ದುತ್ತಿದ್ದರು. ಗೋಡೆಯಾಚೆ ನನಗೂ ಪುಕ್ಕಟೆ ಪಾಠ!

ಒಂದು ಸಂಜೆ ಡ್ರೂಯಿಡರ ಪಾಠ. ಯುರೋಪಿನಲ್ಲಿ ಕೆಲ್ಟರೆಂಬ ಹಳೆಯ ಕಾಲದ ಜನರಿದ್ದರಂತೆ, ಇವರು ಅವರ ಪುರೋಹಿತರು. ತೋಪಿನಲ್ಲೇ ಪೂಜೆ, ವಿದ್ಯೆಯೆಲ್ಲ ಬಾಯಿಪಾಠ. ಓಕ್ ಮರದಲ್ಲಿ ಬದನಿಕೆ ಕಂಡರೆ ಮರ ಹತ್ತಿ ಬಂಗಾರದ ಕುಡಗೋಲಿನಿಂದ ಕೊಯ್ಯುತ್ತಿದ್ದರಂತೆ. ಅದು ನೆಲಕ್ಕೆ ತಾಗದಂತೆ ಕೆಳಗೆ ಬಿಳಿ ಬಟ್ಟೆ ಹಿಡಿಯಬೇಕು. ಆಮೇಲೆ ಅದೇ ಸರ್ವರೋಗಕ್ಕೂ ಮದ್ದು.

"ಅಯ್ಯ, ನಮ್ಮ ಬದನಿಕಿನೇನ್ರಿ? ನಾವು ಕಿತ್ತು ಒಗಿತೀವಲ್ಲ!" ಎಂದು ಆಕೆ ನಕ್ಕರು.

"ಹುಚ್ಚು ಮಂದಿ, ಬಿಡು," ಎಂದು ಮಾಸ್ತರರೂ ನಕ್ಕರು. ತಾಯತ ಕಟ್ಟಿದವರನ್ನು ಕಂಡರೆ ಬೈಯುತ್ತಿದ್ದ ಮನುಷ್ಯ ಅವರು.

ಆ ವರ್ಷವೇ ಆಕೆಗೆ ಕ್ಷಯ ಹಿಡಿಯಿತು. ರಾಯಚೂರಿನ ಡಾಕ್ಟರರೂ ಕೈಚೆಲ್ಲಿದರು. ಆ ನಗು, ಆ ಮಾತು, ಎಲ್ಲ ಕೆಮ್ಮಿನಲ್ಲಿ ಮುಳುಗಿಹೋದವು...

ಒಂದು ಮುಂಜಾನೆ ಮಾಸ್ತರರು ಕುಡಗೋಲು ಹಿಡಿದು ನಮ್ಮ ಬಾಗಿಲಿಗೆ ಬಂದರು. "ತಂಗಿ, ಒಂದು ಬಿಳಿ ಧೋತ್ರ ಹಿಡಿಬೇಕಾಗೈತಿ. ನಿಮ್ಮ ಅತ್ತೀನೂ ಕರಕೊಂಡು ಬಾ."

ನನಗೆ ಆ ಸಂಜೆಯ ಪಾಠ ನೆನಪಾಯಿತು. ಹಿತ್ತಲಿನ ಬೇವಿನ ಮರ ಹತ್ತಿ ಅವರು ಕೊಯ್ದರು. ಗೊಂಚಲು ಕೊಂಬೆಗೆ ಬಡಿದು, ನಾವು ಹಿಡಿದ ಧೋತ್ರದ ಆಚೆ ಬಿತ್ತು.

"ತೊಳದರ ಆತು, ತಗೋರಿ," ಎಂದರು ನಮ್ಮತ್ತೆ.

"ಬ್ಯಾಡ್ರಿ ಅವ್ವ. ನೆಲಕ್ಕ ತಾಗೈತಿ." ಮೊಣಕಾಲು ತರಚಿ ರಕ್ತ ಬರುತ್ತಿದ್ದರೂ ಮತ್ತೆ ಹತ್ತಿದರು. ಅಷ್ಟು ಓದಿದ ಮನುಷ್ಯ! ಈ ಸಲ ಗೊಂಚಲು ಧೋತ್ರದೊಳಗೇ ಬಿತ್ತು.

ಕಷಾಯ ಕಾಸಿ, ನನ್ನೆದುರಿಗೇ ಅವರೇ ಆಕೆಗೆ ಕುಡಿಸಿದರು. "ಹಗುರ ಅನಸಾಕತ್ತೈತ್ರಿ," ಎಂದರು ಆಕೆ. ಎಷ್ಟೋ ದಿನದ ಮೇಲೆ ಮಾಸ್ತರರು ಹೊಟ್ಟೆತುಂಬ ರೊಟ್ಟಿ ತಿಂದರು. ಅವರು ಕೈ ತೊಳೆಯಲು ಹೊರಗೆ ಹೋದಾಗ ಆಕೆ ನನ್ನ ಸೆರಗು ಹಿಡಿದೆಳೆದರು. "ಏನೂ ಹಗುರಾಗಿಲ್ಲ, ತಂಗಿ. ಅವರು ಉಣ್ಣಲಿ ಅಂತ ಅಂದೆ. ನನ್ನ ಆಣಿ ಐತಿ, ಹೇಳಬ್ಯಾಡ."

ಆ ವಾರ ದಾಟಲಿಲ್ಲ ಆಕೆ.

ಮಣ್ಣು ಮಾಡಿ ಬಂದ ಮಾಸ್ತರರು ನಮ್ಮ ಕಟ್ಟೆಯ ಮೇಲೆ ಕುಸಿದು ಕೂತರು. "ಅದನ್ನ ಕುಡದು ಹಗುರಾಗಿದ್ಲಲ್ಲ, ತಂಗಿ? ನೀನೂ ಕೇಳೀದಿ. ನಾನಽ ತಡಾ ಮಾಡಿದೆ. ಒಂದು ತಿಂಗಳು ಮೊದಲ ಕೊಯ್ದಿದ್ರ ಉಳೀತಿದ್ಲು."

ನಿಜ ಹೇಳಿದರೆ ಆಕೆಯ ಆಣೆ. ಹೇಳದಿದ್ದರೆ ಈ ಮನುಷ್ಯನಿಗೆ ಜೀವನಪೂರ್ತಿ ಸಂಕಟ. ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ, ಅಷ್ಟೇ. ಅವರು ಸಿಂಧನೂರಿಗೆ ವರ್ಗ ಮಾಡಿಸಿಕೊಂಡು ಹೋದರು. ಮಸ್ಕಿಯ ಬಸ್ಸಿನಲ್ಲಿ ಒಮ್ಮೆ ಸಿಕ್ಕಾಗಲೂ ಅದೇ ಮಾತು: "ತಡಾ ಮಾಡಿಬಿಟ್ಟೆ, ತಂಗಿ..."

ಈಗ ಅವರೂ ಇಲ್ಲ. ಆಕೆಯ ಆಣೆ ಇನ್ನು ಯಾರನ್ನು ಕಾಯಬೇಕು? ನೀವು ತಡಾ ಮಾಡಿರಲಿಲ್ರಿ, ಅಣ್ಣ. ನೀವು ಉಣ್ಣಲಿ ಅಂತ ಆಕಿ ಸುಳ್ಳು ಹೇಳಿದ್ಲು.