ನಾಲ್ಕನೆಯ ಹಾಳೆ

ಒಂದು ಕನ್ನಡಕ ಮೂಗಿನ ಮೇಲೆ, ಇನ್ನೊಂದು ನೆತ್ತಿಯ ಮೇಲೆ. ಅಷ್ಟಿದ್ದೂ ಮೇಡಂ ಕೈಚೀಲದಲ್ಲಿ ಮೂರನೆಯದನ್ನು ತಡಕಾಡುತ್ತಿದ್ದರು. ಕೊಡಿಗೇಹಳ್ಳಿಯಲ್ಲಿ ನನ್ನ ಮಗಳ ಶಾಲೆಗೆ ವಾರಕ್ಕೆರಡು ದಿನ ಬರುತ್ತಿದ್ದ ಕೌನ್ಸೆಲರ್ ಅವರು. ನನ್ನನ್ನು ಕರೆಸಿದ್ದಕ್ಕೇ ಮೈಯೆಲ್ಲ ಉರಿಯುತ್ತಿತ್ತು. ನನ್ನ ರಿಪೇರಿ ಅಂಗಡಿಯಲ್ಲಿ ಎರಡು ಫ್ರಿಜ್ ಬಿಚ್ಚಿಟ್ಟು ಬಂದಿದ್ದೆ.

ಹೆಂಡತಿ ತೀರಿಕೊಂಡು ಒಂದು ವರ್ಷವಾಗಿತ್ತು. ಮಗು ಸೊರಗಿದೆ, ತುಮಕೂರಿಗೆ ಕರೆದುಕೊಂಡು ಹೋಗಿ ನಾವೇ ಸಾಕುತ್ತೇವೆ ಎಂದು ಅತ್ತೆ ಹಟ ಹಿಡಿದಿದ್ದರು. ಹಾಗಾಗಿ ಶಾಲೆಯಿಂದ ಮಗುವಿನ ಮನಸ್ಸಿನ ಬಗ್ಗೆ ಪ್ರಶ್ನೆಗಳ ಹಾಳೆ ಬಂದಾಗ ನಾನು ಹಿಂದೆಮುಂದೆ ನೋಡಲಿಲ್ಲ. ಅಳುತ್ತಾಳೆಯೇ? ಇಲ್ಲ. ಊಟ ಬಿಡುತ್ತಾಳೆಯೇ? ಇಲ್ಲ. ಗೆಳತಿಯರಿದ್ದಾರೆಯೇ? ಬೇಕಾದಷ್ಟು. ಅದೇ ಹಾಳೆಯನ್ನು ಕ್ಲಾಸ್ ಟೀಚರೂ ಮಗಳೂ ಬೇರೆ ಬೇರೆಯಾಗಿ ತುಂಬಿದ್ದರು.

ಮೇಡಂ ಮೂರನ್ನೂ ಮೇಜಿನ ಮೇಲೆ ಸಾಲಾಗಿಟ್ಟರು. "ನಿಮ್ದೂ ಮಗಳ್ದೂ ಒಂದೇ ಥರ ಇದೆ, ಕಾಪಿ ಹೊಡೆದಂಗೆ. ಟೀಚರ್‌ದು ಪೂರ್ತಿ ಉಲ್ಟಾ. ಡಬ್ಬಿ ತೆಗೆಯೋದೇ ಇಲ್ವಂತೆ, ಯಾರ ಜೊತೆನೂ ಮಾತಿಲ್ವಂತೆ."

"ಹಂಗಾದ್ರೆ ಟೀಚರ್ ಸುಳ್ ಬರ್ದಿದಾರೆ ಮೇಡಂ."

"ಸುಳ್ಳೋ ನಿಜಾನೋ ಅನ್ನೋ ಮಾತಲ್ಲ ರೀ. ಒಬ್ಬೊಬ್ರಿಗೆ ಒಂದೊಂದು ಕಾಣುತ್ತೆ, ಒಬ್ಬೊಬ್ರಿಗೆ ಒಂದೊಂದು ಭಯ." ಎಲ್ಲ ತಂದೆತಾಯಿಗೂ ಅವರು ಹೇಳುತ್ತಿದ್ದ ಮಾತು ಅದು ಎಂದು ಆಮೇಲೆ ತಿಳಿಯಿತು. ಆಗ ನಾಲ್ಕನೆಯ ಹಾಳೆಯೊಂದನ್ನು ನನ್ನ ಮುಂದೆ ತಳ್ಳಿದರು. "'ಮಿಸ್, ಅಪ್ಪನ ಬಗ್ಗೆನೂ ಒಂದು ತುಂಬ್ಲಾ?' ಅಂದ್ಲು ನಿಮ್ಮ ಮಗಳು. ಅಂಥ ಪದ್ಧತಿ ಇಲ್ಲ, ಆದ್ರೂ ಕೊಟ್ಟೆ. ನಿಮಗೆ ತೋರಿಸ್ಲಾ ಅಂತ ಅವಳನ್ನ ಕೇಳೇ ತೋರಿಸ್ತಿದೀನಿ."

ಅಳುತ್ತಾರೆಯೇ? ಹೌದು, ಪಕ್ಕದಲ್ಲಿ ಪೆನ್ಸಿಲಿನಲ್ಲಿ, "ಬಾತ್‌ರೂಮಲ್ಲಿ, ನಲ್ಲಿ ಬಿಟ್ಕೊಂಡು". ಊಟ ಬಿಡುತ್ತಾರೆಯೇ? ಹೌದು. ಗೆಳೆಯರಿದ್ದಾರೆಯೇ? "ನಾನೊಬ್ಬಳು." ಕೊನೆಗೆ, ಯಾರೂ ಕೇಳದ ಒಂದು ಸಾಲು: "ನಾನು ತುಮಕೂರಿಗೆ ಹೋದ್ರೆ ಅಪ್ಪಂಗೆ ಯಾರೂ ಇರಲ್ಲ."

ಅಯ್ಯೋ ದೇವರೇ! ಒಂಬತ್ತು ವರ್ಷದ ಕೂಸು ನನ್ನನ್ನು ಕಾಯುತ್ತಿತ್ತು. ಅಲ್ಲೇ, ಮಕ್ಕಳ ಕುರ್ಚಿಯಲ್ಲಿ, ಅತ್ತುಬಿಟ್ಟೆ. ಮೇಡಂ ಸಮಾಧಾನ ಮಾಡಲಿಲ್ಲ. ಎದ್ದು ಬಾಗಿಲು ಮುಂದೆ ಮಾಡಿ ಬಂದು ಕೂತರು. "ಇದನ್ನ ಮನೇಲಿ ಅವಳ ಮುಂದೆ ಮಾಡ್ರೀ," ಎಂದರು.

ಆ ಸಂಜೆ ಮಗಳಿಗೆ, "ನಂಗೂ ಅಮ್ಮ ಬೇಕು ಅನ್ಸುತ್ತೆ ಕಣೇ," ಎಂದೆ. ಅವಳು ಹೋಂವರ್ಕ್ ಬಿಟ್ಟು ಮಡಿಲಿಗೆ ಬಂದು ಬಿಕ್ಕಿ ಬಿಕ್ಕಿ ಅತ್ತಳು. ಅತ್ತೆಯ ಜೊತೆ ಮೇಡಮ್ಮೇ ಮಾತಾಡಿದರು. ಮಗಳು ನನ್ನ ಬಳಿಯೇ ಉಳಿದಳು.

ಮುಂದೆ ಮೂರು ವರ್ಷ ತಿಂಗಳಿಗೊಮ್ಮೆ ಹೋಗಿ ಅವರೆದುರು ಕೂರುತ್ತಿದ್ದೆ. ನಾನು ಗೋಳು ಹೇಳಿಕೊಳ್ಳುವಷ್ಟು ಹೊತ್ತೂ ಅವರು ಮಕ್ಕಳ ಪೆನ್ಸಿಲ್ ಚೂಪು ಮಾಡುತ್ತಿದ್ದರು. ಮಾತು ನಿಂತರೆ, "ಆಮೇಲೆ?" ಎನ್ನುವರು. ನಾನು ಮತ್ತೆ ಶುರು ಮಾಡುತ್ತಿದ್ದೆ.

ಹೋದ ತಿಂಗಳು ಮೇಡಂ ತೀರಿಕೊಂಡರು. ಜಕ್ಕೂರಿನ ಫ್ಲಾಟಿನಲ್ಲಿ ಒಬ್ಬರೇ ಇದ್ದರಂತೆ. ಅದೂ ನನಗೆ ಅಂದು ಅಲ್ಲಿಗೆ ಹೋದಾಗಲೇ ಗೊತ್ತಾಗಿದ್ದು. ಪುಣೆಯಿಂದ ಬಂದಿದ್ದ ಅವರ ತಮ್ಮ ಸಿಕ್ಕವರನ್ನೆಲ್ಲ ಕೇಳುತ್ತಿದ್ದರು: "ಅಕ್ಕ ಇಲ್ಲಿ ಹೇಗಿದ್ಲು?" ಯಾವಾಗಲೂ ನಗುನಗುತ್ತಾ ಇದ್ದರು ಎಂದ ವಾಚ್‌ಮನ್. ಬಹಳ ಗಟ್ಟಿ ಹೆಂಗಸು ಎಂದರು ಟೀಚರ್. ಆಮೇಲೆ ಅವರ ತಮ್ಮ ನನ್ನ ಕಡೆ ತಿರುಗಿದರು.

"ಗೊತ್ತಿಲ್ಲ ಸಾರ್," ಎಂದೆ. "ನಾನು ಒಂದಿನಾನೂ ಕೇಳ್ಲಿಲ್ಲ."